ಹಿಂದಕ್ಕೆ ಗುಡ್ಡ ಹತ್ತುತ್ತಿದ್ದ ಕಾರು

ದೊಡ್ಡಪ್ಪ ಬುರುಡೆ ಬಿಡುತ್ತಾರೆ ಅನ್ನುವುದು ನಮ್ಮ ಮನೆಯಲ್ಲಿ ಎಲ್ಲರೂ ಒಪ್ಪಿಕೊಂಡಿರುವ ವಿಷಯ. ಅವರಿಗೂ ಅದು ಗೊತ್ತು, ಬೇಜಾರೇನೂ ಇಲ್ಲ. ತಾತನ ಕಾರಿನ ಬಗ್ಗೆ ಅವರು ಯಾವಾಗಲೂ ಎರಡು ಮಾತು ಹೇಳುತ್ತಿದ್ದರು. ಒಂದು, ಅದು ಷೆವರ್ಲೆ. ಎರಡು, ಗುಡ್ಡ ಬಂತು ಅಂದರೆ ಆ ಕಾರು ಬೆನ್ನು ತಿರುಗಿಸಿ ನಿಲ್ಲುತ್ತಿತ್ತು, ಆಮೇಲೆ ರಿವರ್ಸಿನಲ್ಲೇ ಮೇಲಕ್ಕೆ ಹೋಗುತ್ತಿತ್ತು. ಮೊದಲನೇ ಮಾತನ್ನು ನಾವೆಲ್ಲ ನಂಬಿದೆವು. ಕಾರು ಅಂದಮೇಲೆ ಒಂದು ಹೆಸರು ಬೇಕಲ್ಲ, ಇರಲಿ ಅಂತ. ಎರಡನೇದಕ್ಕೆ ಮಾತ್ರ ನಮ್ಮಪ್ಪ ನಕ್ಕರು, ನಾವು ನಕ್ಕೆವು, ಈಗ ನಮ್ಮ ಮಕ್ಕಳು ನಗುತ್ತಾರೆ. 'ತಾತ, ಹಿಂದಕ್ಕೆ ಹತ್ತೋ ಕಾರಿನ ಕಥೆ ಹೇಳಿ' ಅಂತ ಮಕ್ಕಳು ಅವರನ್ನು ಪೀಡಿಸುವುದು ಮಾಮೂಲಿ ಆಟ.

ಆ ಕಾರಿನ ಫೋಟೊ ಅಂತ ಉಳಿದಿರುವುದು ಒಂದೇ. ದೊಡ್ಡಪ್ಪನಿಗೆ ತೊಂಬತ್ತು ದಾಟಿದ ನೆಪದಲ್ಲಿ ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕೊಡೋಣ ಅಂತ ಅವರ ಮಗಳು, ಅಂದರೆ ನಮ್ಮಕ್ಕ, ಹೊರಟಳು. ನನಗೆ ಒಂದು ಕೆಲಸ ಹಚ್ಚಿದಳು. 'ಕೆಳಗೆ ಒಂದು ಸಾಲು ಬರೆದುಕೊಡು. ಯಾವ ಕಾರು, ಯಾವ ಇಸವಿ, ಅಷ್ಟೇ ಸಾಕು.' ಅಷ್ಟೇ ಸಾಕು ಅನ್ನುವ ಕೆಲಸಗಳು ಎಷ್ಟು ದಿನ ತಿನ್ನುತ್ತವೆ ಅಂತ ಗೊತ್ತಿರುವವರಿಗೆ ಗೊತ್ತು. ಒಂದು ಸಾಲು ಬರೆಯುವುದಕ್ಕೆ ನನಗೆ ಹತ್ತಿರ ಹತ್ತಿರ ಎರಡು ತಿಂಗಳು ಹಿಡಿಯಿತು. ಮೊದಲು ಬರೆದುಕೊಟ್ಟ ಸಾಲು ತಪ್ಪಾಗಿತ್ತು, ಅದು ಬೇರೆ.

ಮುಖ ಮುಚ್ಚಿಕೊಂಡ ಕಾರು

ಫೋಟೊದಲ್ಲಿ ಐದು ಜನ ಇದ್ದಾರೆ. ತಾತ ಬಾನೆಟ್ ಮೇಲೆ ಕೈಯಿಟ್ಟು ನಿಂತಿದ್ದಾರೆ. ಅಜ್ಜಿ ಕಾರಿನ ಮುಂದೆ ಒಂದು ಮರದ ಕುರ್ಚಿ ಹಾಕಿಸಿಕೊಂಡು ಕೂತಿದ್ದಾರೆ. ಹಿಂದಿನ ಸೀಟಿನಲ್ಲಿ ಇಬ್ಬರು ಗಂಡಸರು, ಯಾರು ಅಂತ ಈಗ ಯಾರಿಗೂ ಗೊತ್ತಿಲ್ಲ. ಬಲಗಡೆಯ ಮುಂದಿನ ಬಾಗಿಲು ಅರ್ಧ ತೆರೆದಿದೆ. ಅದರ ಕೆಳಗೆ ಫುಟ್‌ಬೋರ್ಡಿನ ಮೇಲೆ ಏಳೆಂಟು ವರ್ಷದ ದೊಡ್ಡಪ್ಪ, ತೊಡೆಯ ಮೇಲೆ ಏನೋ ಆಟದ ಸಾಮಾನು ಇಟ್ಟುಕೊಂಡು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ಕೂತಿದ್ದಾರೆ. ಕಾರಿಗೆ ಮಡಚುವ ಟಾಪು, ದುಂಡನೆಯ ಎರಡು ಹೆಡ್‌ಲೈಟು, ಮರದ ಕಡ್ಡಿಗಳ ಚಕ್ರ. ನೋಡಿದ ತಕ್ಷಣ 'ಹಳೇ ಕಾರು' ಅನ್ನಬಹುದು. ಅದಕ್ಕಿಂತ ಜಾಸ್ತಿ ಏನು ಹೇಳುವುದಕ್ಕೂ ಆಗುವುದಿಲ್ಲ. 1920ರ ಆಸುಪಾಸಿನ ತೆರೆದ ಕಾರುಗಳನ್ನು ಸಾಲಾಗಿ ನಿಲ್ಲಿಸಿದರೆ ಅವೆಲ್ಲ ಒಂದೇ ತಾಯಿಯ ಮಕ್ಕಳ ಥರ ಕಾಣುತ್ತವೆ.

ಆ ಕಾಲದ ಕಾರುಗಳನ್ನು ಗುರುತಿಸುವವರು ಮೊದಲು ನೋಡುವುದು ರೇಡಿಯೇಟರನ್ನು. ಅದೇ ಕಾರಿನ ಮುಖ. ರೋಲ್ಸ್ ರಾಯ್ಸ್‌ದು ಕಲ್ಲಿನ ಗುಡಿಯ ಮುಂಭಾಗದ ಹಾಗಿರುತ್ತದೆ. ಪ್ಯಾಕರ್ಡ್ ರೇಡಿಯೇಟರಿನ ಮೇಲಂಚಿಗೆ ಎರಡು ಭುಜ ಇದ್ದ ಹಾಗೆ ಕಾಣುತ್ತದೆ. ಮೊದಮೊದಲ ಮಾರಿಸ್ ಕಾರುಗಳ ಮೂಗು ಎಷ್ಟು ದುಂಡಗಿತ್ತು ಅಂದರೆ ಜನ ಅದಕ್ಕೆ 'ಗೂಳಿ ಮೂಗು' ಅಂತಲೇ ಹೆಸರಿಟ್ಟರು. ಹಳೇ ರೆನೋಗಳಲ್ಲಂತೂ ರೇಡಿಯೇಟರ್ ಎಂಜಿನ್ನಿನ ಹಿಂದೆ, ಹಾಗಾಗಿ ಬಾನೆಟ್ ಮುಂದಕ್ಕೆ ಜಾರಿದಂತೆ ಇರುತ್ತದೆ. ಪಿಯರ್ಸ್ ಆರೋ ಆದರೆ ಮುಖವೂ ಬೇಡ, ಹೆಡ್‌ಲೈಟುಗಳು ಮಡ್‌ಗಾರ್ಡಿನ ಮೇಲೇ ಎದ್ದು ನಿಂತಿರುತ್ತವೆ. ಇಷ್ಟೆಲ್ಲ ಓದಿಕೊಂಡು ಹುಮ್ಮಸ್ಸಿನಿಂದ ಫೋಟೊ ನೋಡಿದರೆ ರೇಡಿಯೇಟರಿನ ಮುಂದೆ ನಮ್ಮಜ್ಜಿ. ಹೆಸರು ಇರಬೇಕಾದ ಜಾಗದಲ್ಲಿ ಸರಿಯಾಗಿ ಅವರ ತಲೆ. ಚಕ್ರದ ನಡುವಿನ ಬಿಲ್ಲೆಯಲ್ಲೂ ಹೆಸರಿರುತ್ತದೆ ಅಂತ ಗೊತ್ತಾಯಿತು. ಅಲ್ಲಿ ಬಿಸಿಲು ಬಿದ್ದು ಬರೀ ಒಂದು ಬಿಳಿ ಚುಕ್ಕೆ. ನಂಬರ್ ಪ್ಲೇಟನ್ನು ಅಜ್ಜಿಯ ಕುರ್ಚಿ ಮುಚ್ಚಿದೆ. ಕಾರಿನ ಜತೆ ಫೋಟೊ ತೆಗೆಸಿಕೊಳ್ಳುವವರು ಕಾರಿನ ಯಾವ ಭಾಗ ಚೆನ್ನಾಗಿದೆಯೋ ಅದರ ಮುಂದೆಯೇ ಹೋಗಿ ನಿಲ್ಲುತ್ತಾರೆ. ನಾನೂ ಹಾಗೇ ಮಾಡುತ್ತೇನೆ, ಅವರನ್ನು ಬೈದು ಏನು ಬಂತು.

ಮೊದಲು ಎಲ್ಲರೂ ಮಾಡುವ ಕೆಲಸವನ್ನೇ ನಾನೂ ಮಾಡಿದೆ. ವಾಟ್ಸಾಪಿನಲ್ಲಿ ಓಡಾಡುತ್ತಿದ್ದ ಫೋಟೊವನ್ನು ಫೋನಿನ ಚಿತ್ರ ಹುಡುಕಾಟಕ್ಕೆ ಕೊಟ್ಟೆ. ಒಂದು ಸಲ ಡಾಜ್ ಅಂದಿತು. ಅಂಚು ಸ್ವಲ್ಪ ಕತ್ತರಿಸಿ ಕೊಟ್ಟರೆ ಬ್ಯೂಕ್ ಅಂದಿತು. ಮೂರನೇ ಸಲ ಮರದ ಕುರ್ಚಿಗಳನ್ನು ತೋರಿಸಿತು. ನಮ್ಮ ಹುಡುಗನೊಬ್ಬ ಅದಕ್ಕೆ ಯಾವುದೋ ಆ್ಯಪಿನಿಂದ ಬಣ್ಣ ಹಚ್ಚಿ ಕಳಿಸಿದ. ಕಾರು ಕಡುಗೆಂಪು. ಎಲ್ಲರೂ 'ಆಹಾ, ಎಷ್ಟು ಚೆನ್ನಾಗಿದೆ' ಅಂದರು. ಎರಡೇ ದಿನಕ್ಕೆ ತಾತನ ಕಾರು ಕೆಂಪಗಿತ್ತು ಅನ್ನುವುದು ಮನೆಯಲ್ಲಿ ಇತಿಹಾಸವೇ ಆಗಿಹೋಯಿತು. ಈ ಬಣ್ಣ ಹಚ್ಚುವ ಆಟ ನನಗೆ ಸ್ವಲ್ಪವೂ ಇಷ್ಟವಿಲ್ಲ. ಕಪ್ಪುಬಿಳುಪು ಫೋಟೊ ತನಗೆ ಗೊತ್ತಿಲ್ಲದ್ದನ್ನು ಹೇಳುವುದಿಲ್ಲ. ಆ್ಯಪಿಗೆ ಆ ಮರ್ಯಾದೆ ಇಲ್ಲ.

ಚೌಕಟ್ಟಿನ ಒಳಗೆ

ಹಳೇ ಫೋಟೊದಲ್ಲಿ ಏನಾದರೂ ಹುಡುಕಬೇಕಾದರೆ ಫೋಟೊದ ಫೋಟೊ ಉಪಯೋಗಕ್ಕೆ ಬರುವುದಿಲ್ಲ, ಮೂಲ ಪ್ರತಿಯೇ ಬೇಕು. ಇದು ನನಗೆ ತಡವಾಗಿ ಹೊಳೆಯಿತು. ವಾಟ್ಸಾಪ್ ಚಿತ್ರವನ್ನು ಹಿಂಡಿ ಹಿಪ್ಪೆ ಮಾಡಿಯೇ ಆಚೆ ಕಳಿಸುತ್ತದೆ. ಅಕ್ಕನ ಮನೆಗೆ ಹೋಗಿ ಗೋಡೆಯ ಮೇಲಿದ್ದ ಫೋಟೊ ಇಳಿಸಿದೆವು. ಮರದ ಚೌಕಟ್ಟು, ಹಿಂದೆ ರಟ್ಟು, ರಟ್ಟಿಗೆ ಹೊಡೆದ ಚಿಕ್ಕ ಚಿಕ್ಕ ಮೊಳೆ. ಮೊಳೆಗಳು ತುಕ್ಕು ಹಿಡಿದು ಮುಟ್ಟಿದರೆ ಮುರಿಯುತ್ತಿದ್ದವು. 'ಹರಿದುಗಿರಿದೀಯ, ಇದೊಂದೇ ಇರೋದು' ಅಂತ ಅಕ್ಕ ನಿಮಿಷಕ್ಕೊಂದು ಸಲ ಎಚ್ಚರಿಸುತ್ತಿದ್ದಳು. ಎಷ್ಟೋ ಹಳೇ ಫೋಟೊಗಳು ತೇವಕ್ಕೆ ಗಾಜಿಗೇ ಅಂಟಿಕೊಂಡಿರುತ್ತವೆ. ಎಳೆದರೆ ಚಿತ್ರ ಗಾಜಿನ ಮೇಲೆ, ಬರೀ ಕಾಗದ ಕೈಯಲ್ಲಿ. ನಮ್ಮದು ಬದುಕಿದ್ದು ಗಾಜಿಗೂ ಫೋಟೊಗೂ ನಡುವೆ ಇದ್ದ ಒಂದು ದಪ್ಪ ಕಾಗದದ ಅಂಚುಪಟ್ಟಿಯಿಂದ. ಫೋಟೊ ಗಾಜನ್ನು ಮುಟ್ಟಿರಲೇ ಇಲ್ಲ.

ಆ ಅಂಚುಪಟ್ಟಿಯನ್ನು ಎತ್ತಿದ ಮೇಲೆ ನಾವಿಬ್ಬರೂ ಸುಮ್ಮನಾದೆವು. ಅದು ಫೋಟೊದ ನಾಲ್ಕೂ ಕಡೆ ಕಿರುಬೆರಳಿನಷ್ಟು ಅಗಲ ಮುಚ್ಚಿಕೊಂಡಿತ್ತು. ನಾವು ಇಷ್ಟು ವರ್ಷ ನೋಡಿದ್ದ ಭಾಗವೆಲ್ಲ ಮಾಸಿ ಟೀ ಬಣ್ಣಕ್ಕೆ ತಿರುಗಿತ್ತು. ಮುಚ್ಚಿಕೊಂಡಿದ್ದ ಅಂಚು ಮಾತ್ರ ಕಪ್ಪು ಕಪ್ಪಾಗಿ, ನಿನ್ನೆ ಮೊನ್ನೆ ತೊಳೆದ ಪ್ರಿಂಟಿನ ಹಾಗೆ. ಎಡಗಡೆ ಅಂಚಿನಲ್ಲಿ ಯಾರದೋ ಒಂದು ಮೊಣಕೈ ಹೊಸದಾಗಿ ಕಾಣಿಸಿತು. ಕೆಳಗಡೆ ಅಜ್ಜಿಯ ಕುರ್ಚಿಯ ಕಾಲು, ಅದರ ಪಕ್ಕ ನೆಲದ ಮೇಲೆ ನೆರಳು, ಆ ನೆರಳಿನ ಮೇಲೆ ಕಾರಿನ ಮುಂದಿನ ಅಚ್ಚು. ಅಚ್ಚಿನ ಮೇಲೆ ಒಂದು ಚಕ್ರದ ಕಡೆಯಿಂದ ಇನ್ನೊಂದು ಚಕ್ರದ ಕಡೆಗೆ ಅಡ್ಡಡ್ಡವಾಗಿ, ಬಿಲ್ಲಿನ ಹಾಗೆ ಬಾಗಿದ ಒಂದು ದಪ್ಪ ಗೆರೆ.

ಆಗ ಅದರ ಬೆಲೆ ನನಗೆ ಗೊತ್ತಾಗಲಿಲ್ಲ. ನನ್ನ ಕಣ್ಣು ಮೊಣಕೈ ಮೇಲೆ ಇತ್ತು. ಅದು ಯಾರದು ಅಂತ ಅಕ್ಕನೂ ನಾನೂ ಅರ್ಧ ಗಂಟೆ ಜಗಳ ಆಡಿದೆವು. ಇವತ್ತಿಗೂ ಗೊತ್ತಾಗಿಲ್ಲ.

ಪ್ರಿಂಟು 6×9 ಸೆಂಟಿಮೀಟರ್. ಅಂದರೆ ಅಂಗೈಗಿಂತ ಚಿಕ್ಕದು. ಆದರೆ ಅದು ದೊಡ್ಡದು ಮಾಡಿದ ಪ್ರಿಂಟಲ್ಲ. ಫಿಲ್ಮಿನ ಅಳತೆಯೂ ಅಷ್ಟೇ, ಫಿಲ್ಮನ್ನು ಕಾಗದದ ಮೇಲೆ ನೇರವಾಗಿ ಇಟ್ಟು ಬೆಳಕು ಬಿಟ್ಟು ತೆಗೆದದ್ದು. ಹಾಗೆ ತೆಗೆದ ಪ್ರಿಂಟಿನಲ್ಲಿ ಕಣ್ಣಿಗೆ ಕಾಣದ ವಿವರ ಎಷ್ಟೋ ಅಡಗಿರುತ್ತದೆ. 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದೆವು. ಮನೆಗೆ ಬಂದು ದೊಡ್ಡದು ಮಾಡುತ್ತಾ ಹೋದರೆ ತಾತನ ಅಂಗಿಯ ಗುಂಡಿಗಳನ್ನು ಎಣಿಸಬಹುದಿತ್ತು.

ಸ್ಪ್ರಿಂಗು ಹೇಳಿದ್ದು

ಷೆವರ್ಲೆ ಅಂತ ಹೆಸರಿದೆಯಲ್ಲ, ಅದರಿಂದಲೇ ಶುರು ಮಾಡಿದೆ. 1920ರ ದಶಕದ ಷೆವರ್ಲೆಗಳ ಚಿತ್ರ ಹುಡುಕಿ ಒಂದೊಂದಾಗಿ ಪಕ್ಕದಲ್ಲಿಟ್ಟು ನೋಡಿದೆ. ಕೆಲವು ತುಂಬಾ ಹತ್ತಿರ ಬರುತ್ತಿದ್ದವು. ಟಾಪು ಅದೇ, ಮಡ್‌ಗಾರ್ಡು ಅದೇ. ಸ್ಕೇಲು ಹಿಡಿದು ಚಕ್ರದ ಎತ್ತರಕ್ಕೂ ಎರಡು ಚಕ್ರಗಳ ನಡುವಿನ ದೂರಕ್ಕೂ ಲೆಕ್ಕ ಹಾಕಿದೆ. ಕಾರು ಓರೆಯಾಗಿ ನಿಂತಿದೆ ಅನ್ನುವುದನ್ನು ಮರೆತು ಲೆಕ್ಕ ಹಾಕಿದರೆ ಏನಾಗುತ್ತದೆ? ನನ್ನ ಲೆಕ್ಕದಲ್ಲಿ ನಮ್ಮ ತಾತನ ಕಾರು ಜಗತ್ತಿನ ಅತಿ ಗಿಡ್ಡ ಕಾರು ಆಗಿತ್ತು.

ಹೀಗೇ ಒಂದು ರಾತ್ರಿ ನೋಡುತ್ತಿರುವಾಗ ಷೆವರ್ಲೆಯ ಮುಂದಿನ ಚಕ್ರಗಳ ಹತ್ತಿರ ಕಣ್ಣು ನಿಂತಿತು. ಅದರ ಪಟ್ಟಿ ಸ್ಪ್ರಿಂಗುಗಳು ಎರಡು. ಎಡಗಡೆ ಒಂದು, ಬಲಗಡೆ ಒಂದು, ಕಾರಿನ ಉದ್ದಕ್ಕೆ ಹಾಕಿದ್ದು. ಲಾರಿಗಳಲ್ಲಿ ಈಗಲೂ ನೋಡುತ್ತೇವಲ್ಲ, ಹಾಗೆ. ಡಾಜ್‌ನಲ್ಲೂ ಉದ್ದಕ್ಕೇ ಇತ್ತು. ನಮ್ಮ ಫೋಟೊದ ಕೆಳಗಿನ ಅಂಚಿನಲ್ಲಿದ್ದ ಆ ಬಿಲ್ಲು ಅಡ್ಡಡ್ಡ ಇತ್ತು, ಒಂದೇ ಒಂದು ಇತ್ತು. ಮುಂದಕ್ಕೆ ಒಂದು, ಹಿಂದಕ್ಕೆ ಒಂದು ಅಡ್ಡ ಸ್ಪ್ರಿಂಗು ಹಾಕಿ ಕಾರನ್ನು ನಿಲ್ಲಿಸುವುದು ಫೋರ್ಡ್ ಪದ್ಧತಿ. 1948ರ ತನಕ ಅವರು ಅದನ್ನು ಬಿಡಲಿಲ್ಲ. ಅಜ್ಜಿ ಮುಖ ಮುಚ್ಚಿದರೇನು, ಚೌಕಟ್ಟು ಕಟ್ಟಿದವನು ಕಾಲು ಮುಚ್ಚಿದರೇನು, ಒಂದು ಬಿಲ್ಲಿನಿಂದ ಸಿಕ್ಕಿಹಾಕಿಕೊಂಡಿತು.

ಫೋರ್ಡ್ ಅಂದಮೇಲೆ ಮುಂದಿನದು ಬೇಗ ಬೇಗ ಬಿಚ್ಚಿಕೊಂಡಿತು. ಮಾಡೆಲ್ ಟಿ ಆದಮೇಲೆ ಫೋರ್ಡ್ ತಂದ ಮಾಡೆಲ್ ಎ ಆಗಿದ್ದರೆ ತಂತಿ ಕಡ್ಡಿಯ ಚಕ್ರ ಇರಬೇಕಿತ್ತು. ಇಲ್ಲಿ ಇರುವುದು ಮರದ ಕಡ್ಡಿ. ಅಂದರೆ ಮಾಡೆಲ್ ಟಿ. 1908ರಿಂದ 1927ರವರೆಗೆ ಒಂದೂವರೆ ಕೋಟಿ ಬಂದವು, ಅದರಲ್ಲೊಂದು. ಒಂದೂವರೆ ಕೋಟಿ ಅಂದರೆ ಎಲ್ಲ ಒಂದೇ ಥರ ಅಂದುಕೊಂಡಿದ್ದೆ. ಹಾಗಲ್ಲ. 1916ರವರೆಗೆ ರೇಡಿಯೇಟರ್ ಹಿತ್ತಾಳೆಯದು, ಬಿಸಿಲಲ್ಲಿ ಕಣ್ಣು ಕುಕ್ಕುವಂಥದ್ದು. 1917ರ ಮಾಡೆಲಿನಿಂದ ಅದಕ್ಕೆ ಕಪ್ಪು ತಗಡಿನ ಕವಚ. 1923ರ ನಡುವಿನಲ್ಲಿ ರೇಡಿಯೇಟರನ್ನು ಸ್ವಲ್ಪ ಎತ್ತರ ಮಾಡಿ ಅದರ ಕೆಳಗೆ ಒಂದು ತಗಡಿನ ಪಟ್ಟಿ ಕೂರಿಸಿದರು, ಪಂಚೆಯ ಅಂಚಿನ ಹಾಗೆ. ನಮ್ಮ ಫೋಟೊದಲ್ಲಿ ಕುರ್ಚಿಯ ಪಕ್ಕ ಆ ಪಟ್ಟಿಯ ಒಂದು ಮೂಲೆ ಇಣುಕುತ್ತಿದೆ. 1926ರ ಮಾಡೆಲ್‌ಗೆ ಇಡೀ ಮೈಕಟ್ಟೇ ಬದಲಾಯಿತು, ಕಾರು ತಗ್ಗಾಯಿತು. ನಮ್ಮದು ಅದಲ್ಲ. ಹಾಗಾದರೆ 1923ರ ನಡುವಿಗೂ 1925ರ ನಡುವಿಗೂ ಮಧ್ಯೆ ಹುಟ್ಟಿದ ಕಾರು. 1914ರಿಂದ ಆ ಹೊತ್ತಿನವರೆಗೆ ಫೋರ್ಡ್ ಕೊಡುತ್ತಿದ್ದ ಬಣ್ಣ ಕಪ್ಪು ಒಂದೇ. ಕೆಂಪು ಕಾರಿನ ಇತಿಹಾಸ ಅಲ್ಲಿಗೆ ಮುಗಿಯಿತು.

ಒಂದೇ ಒಂದು ಕಡೆ ಎಡವಿದೆ. ಈ ಕಾಲದ ತೆರೆದ ಮಾಡೆಲ್ ಟಿಗಳಲ್ಲಿ ಡ್ರೈವರ್ ಕಡೆಗೆ ಬಾಗಿಲೇ ಇಲ್ಲ ಅಂತ ಎಲ್ಲ ಕಡೆ ಬರೆದಿತ್ತು. ತಗಡಿನ ಮೇಲೆ ಬಾಗಿಲಿನ ಆಕಾರ ಒತ್ತಿರುತ್ತಾರೆ, ತೆರೆಯುವುದಕ್ಕೆ ಬರುವುದಿಲ್ಲ. ಡ್ರೈವರ್ ಇನ್ನೊಂದು ಕಡೆಯಿಂದ ಹತ್ತಿ ಜರುಗಿಕೊಂಡು ಬರಬೇಕು. ನಮ್ಮ ಫೋಟೊದಲ್ಲಿ ಸ್ಟೀರಿಂಗ್ ಬಲಗಡೆ ಇದೆ, ಬಲಗಡೆಯ ಬಾಗಿಲೇ ತೆರೆದಿದೆ. ಫಿಲ್ಮನ್ನು ಮಗುಚಿ ಪ್ರಿಂಟ್ ಹಾಕಿದ್ದಾರೋ ಏನೋ ಅಂತ ಅನುಮಾನ ಬಂತು. ಹಾಗೆ ಆಗುವುದುಂಟು, ಎಡ ಬಲ ಆಗಿಬಿಡುತ್ತದೆ. ತಾತನ ಅಂಗಿಯ ಜೇಬು ನೋಡಿದೆ. ಎಡಗಡೆಯೇ ಇದೆ, ಗುಂಡಿಗಳೂ ಸರಿಯಾಗಿವೆ. ಆಮೇಲೆ ಗೊತ್ತಾಗಿದ್ದು, ಬಾಗಿಲಿಲ್ಲದ ಮಾತು ಅಮೆರಿಕದಲ್ಲಿ ತಯಾರಾದ ಕಾರುಗಳಿಗೆ ಮಾತ್ರ. ಕೆನಡಾದ ಫೋರ್ಡ್ ಕಾರ್ಖಾನೆ ಬಲಗಡೆ ಸ್ಟೀರಿಂಗಿನ ದೇಶಗಳಿಗೂ ಕಾರು ಕಳಿಸಬೇಕಿತ್ತು. ಹಾಗಾಗಿ ಅವರು ಎರಡೂ ಕಡೆ ನಿಜವಾದ ಬಾಗಿಲೇ ಇಟ್ಟರು. ದೊಡ್ಡಪ್ಪ ಫುಟ್‌ಬೋರ್ಡಿನ ಮೇಲೆ ಕೂರುವುದಕ್ಕೆ ಅಂತ ತೆರೆದಿಟ್ಟ ಆ ಬಾಗಿಲು ಕಾರು ಹುಟ್ಟಿದ ದೇಶವನ್ನೂ ಹೇಳಿಬಿಟ್ಟಿತು.

ಅಕ್ಕನಿಗೆ ಸಾಲು ಬರೆದು ಕಳಿಸಿದೆ: 'ಫೋರ್ಡ್ ಮಾಡೆಲ್ ಟಿ, 1924.' ಹತ್ತು ನಿಮಿಷಕ್ಕೆ ಫೋನು ಬಂತು.

'ಇಸವಿ ಸರಿಯಾಗಿ ನೋಡಿದ್ಯೇನೋ?'

'ಮೂರು ಸಲ ನೋಡಿದೀನಿ ಅಕ್ಕ. ಒಂದು ವರ್ಷ ಆ ಕಡೆ ಈ ಕಡೆ ಆಗಬಹುದು, ಅಷ್ಟೇ.'

'ಹಂಗಾದ್ರೆ ಫುಟ್‌ಬೋರ್ಡ್ ಮೇಲೆ ಕೂತಿರೋದು ಯಾರು? ಅಪ್ಪ ಹುಟ್ಟಿದ್ದೇ 1933ರಲ್ಲಿ ಅಲ್ವಾ?'

ನಾಚಿಕೆ ಆಯಿತು. ಕಾರಿನ ಇಸವಿಯನ್ನು ಫೋಟೊದ ಇಸವಿ ಮಾಡಿಬಿಟ್ಟಿದ್ದೆ. ಕಾರು ಹೇಳುವುದು ಒಂದೇ ಮಾತು, 'ನಾನು ಹುಟ್ಟುವುದಕ್ಕೆ ಮುಂಚೆ ಈ ಫೋಟೊ ತೆಗೆದಿಲ್ಲ' ಅಂತ. ಎಷ್ಟು ವರ್ಷ ಆದಮೇಲೆ ತೆಗೆದರು ಅನ್ನುವುದಕ್ಕೆ ಅದು ಸಾಕ್ಷಿ ಹೇಳುವುದಿಲ್ಲ. ತಾತ ಕೊಂಡಿದ್ದು ಹಳೇ ಕಾರು. ಎಷ್ಟನೇ ಕೈಯೋ. ಫೋಟೊದ ಇಸವಿ ಬೇಕಾದರೆ ಕಾರಿನ ರೇಡಿಯೇಟರ್ ನೋಡಬಾರದು, ಹುಡುಗನ ಹಲ್ಲು ನೋಡಬೇಕು. ಮುಂದಿನ ಎರಡು ಬಿದ್ದಿವೆ. 1940 ಅಥವಾ 41. ಕಾರಿಗೆ ಆಗ ಹದಿನಾರು ಹದಿನೇಳು ವರ್ಷ, ಹುಡುಗನಿಗಿಂತ ಎರಡು ಪಟ್ಟು ವಯಸ್ಸು. ಇದು ತಿಳಿದ ಮೇಲೆ ಫೋಟೊವೇ ಬೇರೆ ಥರ ಕಾಣತೊಡಗಿತು. ಹೊಸ ಕಾರು ಕೊಂಡ ಸಂಭ್ರಮದ ಫೋಟೊ ಅಂದುಕೊಂಡಿದ್ದೆವಲ್ಲ, ನೋಡಿದರೆ ಒಂದು ಮಡ್‌ಗಾರ್ಡು ನೆಗ್ಗಿದೆ, ಟಾಪಿಗೆ ತೇಪೆ ಹಾಕಿದ್ದಾರೆ. ಇದೆಲ್ಲ ಮೊದಲೂ ಇತ್ತು. ನಾವು ನೋಡಿರಲಿಲ್ಲ ಅಷ್ಟೇ.

ಸೀಟಿನ ಕೆಳಗೆ

ಇಸವಿ ತಿದ್ದಿ ಕೊಟ್ಟಮೇಲೆ ಕೆಲಸ ಮುಗಿಯಿತು. ಆದರೆ ರುಚಿ ಹತ್ತಿತ್ತು, ಸುಮ್ನೆ ಓದುತ್ತಾ ಹೋದೆ. ಪೆಟ್ರೋಲ್ ಟ್ಯಾಂಕಿನ ವಿಷಯಕ್ಕೆ ಬಂದಾಗ ರಾತ್ರಿ ಹನ್ನೊಂದು ಆಗಿರಬೇಕು. ಮಾಡೆಲ್ ಟಿಯಲ್ಲಿ ಟ್ಯಾಂಕು ಇರುವುದು ಮುಂದಿನ ಸೀಟಿನ ಕೆಳಗೆ. ಪೆಟ್ರೋಲನ್ನು ಎಂಜಿನ್ನಿಗೆ ಎತ್ತಿ ಕೊಡುವ ಪಂಪು ಇಲ್ಲ. ತೊಟ್ಟಿಯಿಂದ ನಲ್ಲಿಗೆ ನೀರು ಬರುವ ಹಾಗೆ ತಾನಾಗಿಯೇ ಹರಿದುಹೋಗಬೇಕು. ಸಮನೆಲದಲ್ಲಿ ಏನೂ ತೊಂದರೆ ಇಲ್ಲ. ಆದರೆ ಟ್ಯಾಂಕಿನಲ್ಲಿ ಪೆಟ್ರೋಲು ಕಡಿಮೆ ಇದ್ದಾಗ ಕಡಿದಾದ ಏರು ಸಿಕ್ಕರೆ ಕಾರಿನ ಮೂಗು ಮೇಲಾಗುತ್ತದೆ, ಟ್ಯಾಂಕು ಕೆಳಗಾಗುತ್ತದೆ, ಪೆಟ್ರೋಲು ಮುಂದಕ್ಕೆ ಹರಿಯುವುದಿಲ್ಲ. ಎಂಜಿನ್ ಕೆಮ್ಮಿ ನಿಂತುಬಿಡುತ್ತದೆ. ಅದಕ್ಕೆ ಡ್ರೈವರುಗಳು ಕಂಡುಕೊಂಡಿದ್ದ ಉಪಾಯ, ಕಾರನ್ನು ತಿರುಗಿಸಿ ರಿವರ್ಸಿನಲ್ಲಿ ಹತ್ತಿಸುವುದು. ಆಗ ಟ್ಯಾಂಕು ಮೇಲೆ, ಎಂಜಿನ್ ಕೆಳಗೆ. ಇನ್ನೊಂದು ಲಾಭವೂ ಇತ್ತು. ಆ ಕಾರಿನಲ್ಲಿ ಮುಂದಕ್ಕೆ ಎರಡೇ ಗೇರು, ಮೊದಲನೇ ಗೇರಿಗಿಂತ ರಿವರ್ಸಿಗೇ ಎಳೆಯುವ ಬಲ ಜಾಸ್ತಿ.

ಲ್ಯಾಪ್‌ಟಾಪ್ ಮುಚ್ಚಿ ಕೂತೆ. ಅಪ್ಪ ಇದ್ದಿದ್ದರೆ ಆಗಲೇ ಎಬ್ಬಿಸಿ ಹೇಳುತ್ತಿದ್ದೆ. 1926ರ ಮಾಡೆಲಿನ ತೆರೆದ ಕಾರುಗಳಲ್ಲಿ ಟ್ಯಾಂಕನ್ನು ಸೀಟಿನ ಕೆಳಗಿನಿಂದ ತೆಗೆದು ಮುಂದಿನ ಗಾಜಿನ ಹತ್ತಿರಕ್ಕೆ, ಎತ್ತರಕ್ಕೆ ತಂದರು. ಅಂದರೆ ದೊಡ್ಡಪ್ಪನ 'ಬುರುಡೆ'ಯೊಂದನ್ನೇ ಹಿಡಿದುಕೊಂಡಿದ್ದರೂ ಸಾಕಿತ್ತು. ಕಾರು ಯಾವುದು, ಯಾವ ಇಸವಿಗೆ ಮುಂಚಿನದು, ಎರಡೂ ಅದರಲ್ಲೇ ಇತ್ತು. ಸ್ಪ್ರಿಂಗೂ ಬೇಡ, ಸ್ಕ್ಯಾನೂ ಬೇಡ.

ಮಾರನೇ ಭಾನುವಾರ ಹೋದೆ. ದೊಡ್ಡಪ್ಪ ಕಿಟಕಿಯ ಪಕ್ಕ ಕೂತಿದ್ದರು. ಕಣ್ಣು ಅಷ್ಟಕ್ಕಷ್ಟೇ, ಕಿವಿ ಚೆನ್ನಾಗಿದೆ. ಸ್ಕ್ಯಾನನ್ನು ದೊಡ್ಡ ಪರದೆಯಲ್ಲಿ ತೋರಿಸಿ, 'ದೊಡ್ಡಪ್ಪ, ಇದು ಷೆವರ್ಲೆ ಅಲ್ಲ, ಫೋರ್ಡು' ಅಂದೆ.

'ಯಾರು ಹೇಳಿದ್ದು? ಷೆವರ್ಲೆನೇ ಅದು.'

'ಓಡಿಸೋದು ಹೇಗಿತ್ತು, ನೆನಪಿದೆಯಾ ನಿಮಗೆ?'

ಅದಕ್ಕೆ ಕಾಯುತ್ತಿದ್ದವರ ಹಾಗೆ ಎರಡೂ ಕೈ ಮುಂದಕ್ಕೆ ಚಾಚಿದರು. ಇಲ್ಲದ ಸ್ಟೀರಿಂಗನ್ನು ಹಿಡಿದರು. ಕಾಲುಗಳನ್ನು ನೆಲದ ಮೇಲೆ ಸರಿಯಾಗಿ ಜೋಡಿಸಿಕೊಂಡರು. 'ಸ್ಟೀರಿಂಗ್ ಕೆಳಗೆ ಮೀಸೆ ಇತ್ತು ಕಣೋ. ಈ ಕಡೆ ಒಂದು ಕಡ್ಡಿ, ಆ ಕಡೆ ಒಂದು ಕಡ್ಡಿ. ನಿನ್ನ ಕಾರಿನ ಹಂಗೆ ಕಾಲಲ್ಲಿ ಒತ್ತಿ ಓಡಿಸೋದಲ್ಲ, ಬಲಗಡೆ ಮೀಸೆ ಎಳೆದ್ರೆ ಓಡೋದು. ಕಾಲಿಗೆ ಮೂರಿತ್ತು. ಎಡಗಡೇದು ಪೂರ್ತಿ ಒತ್ತಿದ್ರೆ ನಿಧಾನ, ಬಿಟ್ರೆ ಜೋರು. ನಡುವಿಂದು ಒತ್ತಿದ್ರೆ ಹಿಂದಕ್ಕೆ. ಬಲಗಡೇದು ಬ್ರೇಕು, ಆದ್ರೆ ಅದನ್ನ ನಂಬೋ ಹಂಗಿರಲಿಲ್ಲ.' ಹೇಳುತ್ತಾ ಹೇಳುತ್ತಾ ಅವರ ಎಡಗಾಲು ಕೆಳಗೆ ಹೋಯಿತು, ನಿಧಾನವಾಗಿ ಮೇಲೆ ಬಂತು, ಬಲಗೈ ಬೆರಳೊಂದು ಏನನ್ನೋ ಸ್ವಲ್ಪವೇ ಸ್ವಲ್ಪ ಎಳೆಯಿತು. ಅವರು ಆ ಕಾರನ್ನು ಯಾವತ್ತೂ ಓಡಿಸಿದವರಲ್ಲ. ಪಕ್ಕದಲ್ಲಿ ಕೂತು ತಾತನನ್ನು ನೋಡಿದ್ದಷ್ಟೇ.

ಅವರು ಹೇಳಿದ್ದು ಒಂದಕ್ಷರ ಬಿಡದೆ ಮಾಡೆಲ್ ಟಿ. ಷೆವರ್ಲೆಯಲ್ಲಿ ಇದು ಯಾವುದೂ ಇರಲಿಲ್ಲ, ಅದರಲ್ಲಿ ಆಗಲೇ ಗೇರಿನ ಕೋಲು ನೆಲದಿಂದ ಎದ್ದಿತ್ತು. (ಮೀಸೆ ಅನ್ನುವುದು ದೊಡ್ಡಪ್ಪನ ಸ್ವಂತ ಮಾತು ಅಂದುಕೊಂಡಿದ್ದೆ. ಅರ್ಜೆಂಟೀನಾದಲ್ಲೂ ಜನ ಮಾಡೆಲ್ ಟಿಯನ್ನು 'ಮೀಸೆ ಫೋರ್ಡ್' ಅಂತಲೇ ಕರೆಯುತ್ತಿದ್ದರಂತೆ, ಇದೇ ಎರಡು ಕಡ್ಡಿಗಳಿಂದಾಗಿ. ಜಗತ್ತಿನ ಆ ತುದಿಗೂ ಈ ತುದಿಗೂ ಒಂದೇ ಮೀಸೆ ಕಂಡಿದೆ.) ರಾತ್ರಿ ಹೊತ್ತು ಕಾರು ನಿಧಾನ ಆದರೆ ದೀಪವೂ ಮಂಕಾಗುತ್ತಿತ್ತು, ಕತ್ತಲಲ್ಲಿ ದಾರಿ ಕಾಣದಿದ್ದರೆ ನಿಂತಲ್ಲೇ ಎಂಜಿನ್ ಜೋರು ಮಾಡಬೇಕಿತ್ತು ಅಂತಲೂ ಹೇಳಿದರು. ಅದೂ ಸರಿ. ಬ್ಯಾಟರಿ ಇಲ್ಲದ ಆ ಕಾರುಗಳಲ್ಲಿ ಹೆಡ್‌ಲೈಟಿಗೆ ಕರೆಂಟು ಬರುತ್ತಿದ್ದದ್ದು ಮ್ಯಾಗ್ನೆಟೊದಿಂದ, ಅಂದರೆ ಎಂಜಿನ್ ತಿರುಗಿದಾಗ ಕರೆಂಟು ಹುಟ್ಟಿಸುವ ಅಯಸ್ಕಾಂತಗಳಿಂದ, ಎಂಜಿನ್ ಎಷ್ಟು ಜೋರೋ ಬೆಳಕು ಅಷ್ಟು. ಹೆಸರೊಂದು ಮಾತ್ರ ಎಲ್ಲಿಂದ ಬಂದು ಸೇರಿಕೊಂಡಿತೋ. ಬಹುಶಃ ತಾತ ಆಮೇಲೆ ಆಸೆಪಟ್ಟಿದ್ದ ಕಾರಿನದಿರಬೇಕು. ಅಥವಾ ಎಂಟು ವರ್ಷದ ಹುಡುಗನ ಬಾಯಿಗೆ ಷೆವರ್ಲೆ ಅನ್ನುವ ಮಾತೇ ರುಚಿಯಾಗಿತ್ತೋ ಏನೋ. ಫೋರ್ಡ್ ಅಂತ ಒಂದು ಸಲ ಹೇಳಿ ನೋಡಿ, ಷೆವರ್ಲೆ ಅಂತ ಒಂದು ಸಲ ಹೇಳಿ ನೋಡಿ.

ಟ್ಯಾಂಕಿನ ವಿಷಯ ವಿವರಿಸಿದೆ. ಗುಡ್ಡ, ರಿವರ್ಸು, ಎಲ್ಲ. 'ನೀವು ಹೇಳ್ತಿದ್ದದ್ದು ನಿಜ ದೊಡ್ಡಪ್ಪ' ಅಂದೆ. ಖುಷಿಪಡುತ್ತಾರೆ, ಅಕ್ಕನನ್ನು ಕೂಗಿ ಕರೆಯುತ್ತಾರೆ ಅಂತ ಕಾದೆ. ಅವರಿಗೆ ಅದು ಹೊಸ ಸುದ್ದಿಯೇ ಆಗಿರಲಿಲ್ಲ. 'ನಿಜ ಅಲ್ದೆ ಇನ್ನೇನು? ಸೀಟು ಎತ್ತಿ ಕಡ್ಡಿ ಅದ್ದಿ ನೋಡೋರು ನಮ್ಮಪ್ಪ. ಕಡ್ಡಿ ತುದಿ ಮಾತ್ರ ಒದ್ದೆ ಆದ್ರೆ ಇವತ್ತು ಹಿಂದಕ್ಕೇ ಹತ್ತೋದು ಅಂತ ಗೊತ್ತಾಗೋದು. ಅವಾಗ ನಾನು ಕೆಳಗಿಳೀಬೇಕು.'

'ಯಾಕೆ, ಭಾರ ಆಗುತ್ತೆ ಅಂತನಾ?'

'ಭಾರ ಎಲ್ಲಿ ಬಂತು. ಕಟ್ಟೆ ಕೊಡೋದು ಯಾರು? ಬ್ರೇಕ್ ನಂಬೋ ಹಂಗಿರಲಿಲ್ಲ ಅಂದ್ನಲ್ಲ. ಕಾರು ಮೇಲೆ ಹೋಗ್ತಾ ಹೋಗ್ತಾ ಎಲ್ಲಿ ನಿಲ್ಲುತ್ತೋ ಅಲ್ಲಿ ಓಡಿಹೋಗಿ ಚಕ್ರಕ್ಕೆ ಮರದ ತುಂಡು ಕೊಡಬೇಕು. ಅದೇ ನನ್ನ ಕೆಲಸ.' ಪರದೆಯ ಹತ್ತಿರ ಬಗ್ಗಿದರು. ಫುಟ್‌ಬೋರ್ಡಿನ ಮೇಲಿನ ಹುಡುಗನ ತೊಡೆಯ ಮೇಲೆ ಬೆರಳಿಟ್ಟರು. 'ನೋಡು, ಇಲ್ಲೇ ಇದೆ. ಫೋಟೊ ತೆಗೀವಾಗ ಕೆಳಗಿಡು ಅಂದ್ರು ಅಮ್ಮ. ನಾನು ಇಡಲಿಲ್ಲ.'

ಆಟದ ಸಾಮಾನು ಅಂತ ನಾವು ಅಂದುಕೊಂಡಿದ್ದದ್ದನ್ನು ಪೂರ್ತಿ ದೊಡ್ಡದು ಮಾಡಿದೆ. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗೆ ಇಳಿಜಾರಾಗಿ ಕೆತ್ತಿದ ಮರದ ತುಂಡು. ದಪ್ಪ ತುದಿಗೆ ತೂತು, ತೂತಿನಲ್ಲಿ ಹಗ್ಗ. ಹಗ್ಗದ ಇನ್ನೊಂದು ತುದಿಯನ್ನು ಹುಡುಗ ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡಿದ್ದಾನೆ.

'ನಾನು ಕೆಳಗಿನಿಂದ ಹತ್ತೋದು, ಅದು ಮೇಲೆ ಹೋಗೋದು' ಅಂದರು ದೊಡ್ಡಪ್ಪ, ಪರದೆಯಿಂದ ಕಣ್ಣು ತೆಗೆಯದೆ. 'ನಮ್ಮಪ್ಪ ಕತ್ತು ತಿರುಗಿಸಿ ಆ ಕಡೆ ನೋಡ್ತಿರೋರು. ಕಾರು ಮಾತ್ರ ನನ್ನ ಮುಖಾನೇ ನೋಡ್ಕೊಂಡು ಹಿಂದೆ ಹಿಂದೆ ಹೋಗೋದು, ಎರಡೂ ಕಣ್ಣು ಬಿಟ್ಕೊಂಡು. ಮೇಲೆ ಮುಟ್ಟೋವರೆಗೂ.'

ಅಕ್ಕ ಪ್ರಿಂಟ್ ತಂದು ಮುಂದಿಟ್ಟಳು. ಕೆಳಗಿನ ಸಾಲನ್ನು ಓದಿ ಹೇಳಿದಳು. ದೊಡ್ಡಪ್ಪ ಕೇಳಿಸಿಕೊಂಡು ತಲೆ ಆಡಿಸಿದರು. ಆಮೇಲೆ ನನ್ನ ಕಡೆ ತಿರುಗಿ, 'ಎಲ್ಲ ಸರಿಯಾಗಿ ಬರೆದಿದೀಯ. ಫೋರ್ಡ್ ಅನ್ನೋದು ಒಂದು ತೆಗೆದು ಷೆವರ್ಲೆ ಅಂತ ಹಾಕ್ಬಿಡು' ಅಂದರು.